"ನನ್ನ ಕೈಲಾಗಲ್ಲ" ಅನ್ನುವ ಮನಸ್ಸು: ನಾಯಿ, ಇಲಿ ಮತ್ತು ನಮ್ಮ ಮಿದುಳು ಕಲಿಸುವ ಪಾಠ



ವಾರದ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಎಷ್ಟು ಮಾಡಿದ್ರೂ ಅಷ್ಟೇ ಸಿಸ್ಟರ್, ನಮ್ಮ ಹಣೇಬರಹ." ಈ ಮಾತು ಆಡುವಾಕೆ ಸೋಮಾರಿ ಅಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೀರು ತುಂಬಿ, ಅಡಿಗೆ ಮಾಡಿ, ಕೂಲಿಗೆ ಹೋಗಿ ಬಂದು, ರಾತ್ರಿ ಹತ್ತಕ್ಕೆ ಮಲಗುವವಳು. ಆದರೆ "ಬ್ಯಾಂಕಿಗೆ ಹೋಗಿ ಒಂದು ಮಾತು ಕೇಳಮ್ಮಾ" ಅಂದರೆ ಅವಳ ಕಾಲು ಏಳುವುದಿಲ್ಲ. ವಿಧವಾ ವೇತನದ ಅರ್ಜಿ ಒಂದು ಸಲ ವಾಪಸ್ ಬಂದರೆ ಎರಡನೇ ಸಲ ಹಾಕುವುದಿಲ್ಲ. ಪಕ್ಕದಲ್ಲಿ ಕೂತವರು ಏನನ್ನುತ್ತಾರೆ? "ಅವಳಿಗೆ ಧೈರ್ಯವೇ ಇಲ್ಲ. ಎಷ್ಟು ಹೇಳಿದರೂ ಅವಳು ಬದಲಾಗಲ್ಲ ಬಿಡಿ."

ಹೀಗೆ ಹೇಳಿ ಕೈ ತೊಳೆದುಕೊಳ್ಳುವ ಮೊದಲು ಈ ತಿಂಗಳ ಪಾಠ ಓದಿ. ಓದಲು ಬಾರದವರಿಗೆ ಓದಿ ಹೇಳಿ. ಮರಿಯಾಗಿದ್ದಾಗ ಹಗ್ಗದಲ್ಲಿ ಕಟ್ಟಿದ ಆನೆ ದೊಡ್ಡದಾದ ಮೇಲೂ ಅದೇ ತೆಳು ಹಗ್ಗ ಕಿತ್ತುಕೊಳ್ಳುವುದಿಲ್ಲ ಎಂಬ ಕಥೆಯನ್ನು ತರಬೇತಿಗಳಲ್ಲಿ ನೀವು ಕೇಳಿರುತ್ತೀರಿ. ಅದು ಕಥೆ. ಇಲ್ಲಿ ಹೇಳುತ್ತಿರುವುದು ಕಥೆಯಲ್ಲ. ವಿಜ್ಞಾನಿಗಳು ಐವತ್ತು ವರ್ಷ ಹಿಂದೆ ಬಿದ್ದು ಪರೀಕ್ಷೆ ಮಾಡಿದ ವಿಷಯ. ಕೊನೆಗೆ ಅವರೇ "ನಾವು ಮೊದಲು ಹೇಳಿದ್ದು ತಲೆಕೆಳಗಾಗಿತ್ತು" ಎಂದು ಒಪ್ಪಿಕೊಂಡರು. ಆ ತಿದ್ದುಪಡಿಯಲ್ಲೇ ನಮ್ಮ ಸಂಘಗಳಿಗೆ ಬೇಕಾದ ಪಾಠ ಇದೆ.

ಮೂರು ಗುಂಪಿನ ನಾಯಿಗಳು

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಇಬ್ಬರು ಯುವ ಸಂಶೋಧಕರಿದ್ದರು. ಅವರು 1967ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಪ್ರಾಣಿಗಳಿಗೆ ನೋವು ಕೊಟ್ಟು ಮಾಡಿದ ಪ್ರಯೋಗ ಅದು. ಓದುವಾಗ ನಿಮ್ಮ ಕರುಳು ಚುರ್ ಅನ್ನಬಹುದು, ಅನ್ನಬೇಕು ಕೂಡ. ಇಂದು ಅಂಥ ಪ್ರಯೋಗಕ್ಕೆ ಸುಲಭವಾಗಿ ಅನುಮತಿ ಸಿಗುವುದಿಲ್ಲ. ಆದರೆ ಆ ನಾಯಿಗಳು ಪಟ್ಟ ಪಾಡಿನಿಂದ ತಿಳಿದುಬಂದದ್ದನ್ನು ನಾವು ಕಲಿಯದೆ ಬಿಟ್ಟರೆ ಆ ನೋವು ಪೂರ್ತಿ ವ್ಯರ್ಥವಾಗುತ್ತದೆ.

ಒಂದೊಂದು ಗುಂಪಿನಲ್ಲಿ ಎಂಟರಂತೆ ಮೂರು ಗುಂಪು ಮಾಡಿದರು.

ಮೊದಲನೇ ಗುಂಪು: ಈ ನಾಯಿಗಳನ್ನು ಪಟ್ಟಿಗಳಿಂದ ಕಟ್ಟಿ ನಿಲ್ಲಿಸಿ ಕಾಲಿಗೆ ಕರೆಂಟಿನ ಶಾಕ್ ಕೊಟ್ಟರು. ತಲೆಯ ಹತ್ತಿರ ಒಂದು ಹಲಗೆ ಇತ್ತು. ತಲೆಯಿಂದ ಅದನ್ನು ಒತ್ತಿದರೆ ಶಾಕ್ ನಿಲ್ಲುತ್ತಿತ್ತು. ನಾಯಿಗಳು ಬೇಗ ಕಲಿತುಕೊಂಡವು.

ಎರಡನೇ ಗುಂಪು: ಇವುಗಳಿಗೂ ಅಷ್ಟೇ ಶಾಕ್. ಇವುಗಳ ಹತ್ತಿರವೂ ಹಲಗೆ ಇತ್ತು. ಆದರೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೊದಲ ಗುಂಪಿಗೆ ಎಷ್ಟು ಹೊತ್ತಿಗೆ ಶಾಕ್ ನಿಲ್ಲುತ್ತಿತ್ತೋ ಅಷ್ಟೇ ಹೊತ್ತಿಗೆ ಇವುಗಳಿಗೂ ನಿಲ್ಲುವಂತೆ ಹೊಂದಿಸಿದ್ದರು. ಅಂದರೆ ನೋವು ಎರಡಕ್ಕೂ ಒಂದೇ ಲೆಕ್ಕ. ಮೊದಲ ಗುಂಪಿನ ನಾಯಿ ತಾನೇ ನೋವು ನಿಲ್ಲಿಸುತ್ತಿತ್ತು. ಎರಡನೇ ಗುಂಪಿನ ನಾಯಿಗೆ ನೋವು ತಾನಾಗಿ ಬಂದು ತಾನಾಗಿ ಹೋಗುತ್ತಿತ್ತು.

ಮೂರನೇ ಗುಂಪು: ಇವುಗಳಿಗೆ ಶಾಕೇ ಕೊಡಲಿಲ್ಲ.

ದಾರಿ ಇದ್ದರೂ ಮಲಗಿದ ನಾಯಿ

ಮಾರನೇ ದಿನ ಎಲ್ಲ ನಾಯಿಗಳನ್ನೂ ಒಂದೊಂದಾಗಿ ಎರಡು ಭಾಗದ ಪೆಟ್ಟಿಗೆಯೊಳಗೆ ಬಿಟ್ಟರು. ನಡುವೆ ಹಾರಿ ದಾಟಬಹುದಾದಷ್ಟು ಎತ್ತರದ ತಡೆ. ಒಂದು ಕಡೆ ನೆಲದಲ್ಲಿ ಶಾಕ್ ಬರುತ್ತದೆ. ತಡೆ ಹಾರಿ ಆ ಕಡೆ ಹೋದರೆ ಶಾಕ್ ಇಲ್ಲ. ಈ ಸಲ ಯಾರನ್ನೂ ಕಟ್ಟಿಲ್ಲ. ದಾರಿ ಎಲ್ಲರಿಗೂ ತೆರೆದಿದೆ.

ಮೂರನೇ ಗುಂಪಿನ ನಾಯಿಗಳು ಎಗರಾಡಿ, ಓಡಾಡಿ, ಹಾರುವುದನ್ನು ಕಲಿತವು. ಮೊದಲನೇ ಗುಂಪಿನ ನಾಯಿಗಳೂ ಹಾರಿದವು. ಹಿಂದಿನ ದಿನ ಅಷ್ಟು ಶಾಕ್ ತಿಂದಿದ್ದರೂ ಅವುಗಳ ಚುರುಕು ಹೋಗಿರಲಿಲ್ಲ.

ಎರಡನೇ ಗುಂಪಿನ ಎಂಟು ನಾಯಿಗಳಲ್ಲಿ ಆರು ನಾಯಿಗಳು ಹಾರಲಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ ಆಮೇಲೆ ನೆಲಕ್ಕೆ ಒರಗಿ, ಕುಂಯ್‌ಗುಟ್ಟುತ್ತಾ ಶಾಕ್ ಸಹಿಸಿಕೊಂಡವು. ಎದುರಿಗೇ ದಾರಿ ಇತ್ತು. ಒಂದೇ ನೆಗೆತ ಸಾಕಿತ್ತು.

ಸಹೋದರಿಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮೊದಲ ಗುಂಪಿನ ನಾಯಿಯೂ ಕಷ್ಟ ಪಟ್ಟಿತ್ತು, ಎರಡನೇ ಗುಂಪಿನದೂ ಅಷ್ಟೇ ಕಷ್ಟ ಪಟ್ಟಿತ್ತು. ಹಾಗಾದರೆ ಎರಡನೇ ನಾಯಿಯನ್ನು ಮಲಗಿಸಿದ್ದು ಕಷ್ಟ ಅಲ್ಲ. "ನಾನು ಏನು ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ" ಎನ್ನುವ ಅನುಭವ ಅದನ್ನು ಮಲಗಿಸಿತು. ಕಷ್ಟ ಮನುಷ್ಯರನ್ನು ಗಟ್ಟಿ ಮಾಡುತ್ತದೆ ಎಂದು ನಾವು ಬಾಯಿಪಾಠದಂತೆ ಹೇಳುತ್ತೇವೆ. ಎಲ್ಲ ಕಷ್ಟವೂ ಗಟ್ಟಿ ಮಾಡುವುದಿಲ್ಲ. ಒಂದಿಷ್ಟಾದರೂ ನಮ್ಮ ಕೈಯಲ್ಲಿದ್ದ ಕಷ್ಟ ಗಟ್ಟಿ ಮಾಡಬಹುದು. ಕೈಗೆ ಸಿಗದ ಕಷ್ಟ ಮಲಗಿಸುತ್ತದೆ.

ಈ ಸ್ಥಿತಿಗೆ ಅವರು "ಕಲಿತ ಅಸಹಾಯಕತೆ" ಎಂದು ಹೆಸರಿಟ್ಟರು. ನಾಯಿ ಅಸಹಾಯಕತೆಯನ್ನು ಪಾಠದಂತೆ ಕಲಿತುಬಿಟ್ಟಿದೆ ಎಂಬುದು ಅವರ ಆಗಿನ ಅಭಿಪ್ರಾಯ.

ಬಾಯಿ ಮಾತಿಗೆ ಏಳಲಿಲ್ಲ

ಮಲಗಿದ ನಾಯಿಗಳನ್ನು ಎಬ್ಬಿಸುವುದು ಹೇಗೆ? ಸಂಶೋಧಕರು ನಡುವಿನ ತಡೆಯನ್ನು ತೆಗೆದರು. ನಾಯಿ ಏಳಲಿಲ್ಲ. ಆ ಕಡೆಯಿಂದ ಕರೆದರು. ಏಳಲಿಲ್ಲ. ತಿಂಡಿ ತೋರಿಸಿದರು. ಆಗಲೂ ಏಳಲಿಲ್ಲ.

ಕೊನೆಗೆ ಕತ್ತಿಗೆ ಹಗ್ಗ ಕಟ್ಟಿ ಶಾಕ್ ಇಲ್ಲದ ಕಡೆಗೆ ಎಳೆದು ದಾಟಿಸಿದರು. ಒಂದೆರಡು ಸಲ ಸಾಲಲಿಲ್ಲ, ಹತ್ತಾರು ಸಲ ದಾಟಿಸಬೇಕಾಯಿತು. ಮೊದಮೊದಲು ಪೂರ್ತಿ ಭಾರ ಹಾಕಿ ಎಳೆಯಬೇಕಿತ್ತು. ಬರಬರುತ್ತಾ ಹಗ್ಗ ಸ್ವಲ್ಪ ಅಲ್ಲಾಡಿಸಿದರೆ ಸಾಕಾಯಿತು. ಆಮೇಲೆ ಹಗ್ಗ ಬೇಡವಾಯಿತು, ನಾಯಿ ತಾನೇ ದಾಟಿತು. ಒಮ್ಮೆ ಹೀಗೆ ದಾಟಲು ಕಲಿತ ಮೇಲೆ ಮತ್ತೆ ಮಲಗಲಿಲ್ಲ. ಇದನ್ನು 1968ರಲ್ಲಿ ಪ್ರಕಟಿಸಿದರು.

ಇನ್ನೊಂದು ಮುಖ್ಯ ವಿಷಯ. ಕೆಲವು ನಾಯಿಗಳಿಗೆ ಮೊದಲೇ ಹಾರಿ ತಪ್ಪಿಸಿಕೊಳ್ಳುವ ಅಭ್ಯಾಸ ಮಾಡಿಸಿದ್ದರು. ಆಮೇಲೆ ಅವುಗಳಿಗೆ ತಪ್ಪಿಸಿಕೊಳ್ಳಲಾಗದ ಶಾಕ್ ಕೊಟ್ಟರೂ ಅವು ಸೋತು ಮಲಗಲಿಲ್ಲ. ಮಗುವಿಗೆ ಲಸಿಕೆ ಹಾಕಿಸಿದ ಹಾಗೆ. ಮುಂಚೆ ಸಿಕ್ಕಿದ ಒಂದು ಗೆಲುವು ಮುಂದೆ ಬರುವ ಸೋಲಿನಿಂದ ಕಾಪಾಡಿತು.

ಮನುಷ್ಯರಲ್ಲೂ ಹೀಗೆಯೇ?

"ನಾವು ನಾಯಿಗಳಾ ಸಿಸ್ಟರ್?" ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಡೊನಾಲ್ಡ್ ಹಿರೋಟೋ ಎಂಬ ಸಂಶೋಧಕರು 1974ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದರು. ಇಲ್ಲಿ ಶಾಕ್ ಇರಲಿಲ್ಲ, ಕಿವಿಗೆ ಹಿಂಸೆಯಾಗುವ ಜೋರು ಶಬ್ದ ಇತ್ತು. ಒಂದು ಗುಂಪಿನವರು ಗುಂಡಿ ಒತ್ತಿ ಶಬ್ದ ನಿಲ್ಲಿಸಬಹುದಿತ್ತು. ಇನ್ನೊಂದು ಗುಂಪಿನವರು ಎಷ್ಟು ಒತ್ತಿದರೂ ಶಬ್ದ ನಿಲ್ಲುತ್ತಿರಲಿಲ್ಲ. ಆಮೇಲೆ ಇಬ್ಬರಿಗೂ ಬೇರೆ ಒಂದು ಸಾಧನ ಕೊಟ್ಟರು. ಅದರ ಹಿಡಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರೆ ಸಾಕು, ಶಬ್ದ ನಿಲ್ಲುತ್ತಿತ್ತು. ಮೊದಲ ಗುಂಪಿನವರು ಬೇಗ ಕಂಡುಕೊಂಡರು. ಎರಡನೇ ಗುಂಪಿನವರಲ್ಲಿ ಹೆಚ್ಚಿನವರು ಶಬ್ದ ಸಹಿಸಿಕೊಂಡು ಸುಮ್ಮನೆ ಕೂತರು.

ಇವರು ಓದಿದ ಹುಡುಗ ಹುಡುಗಿಯರು. ಸ್ವಲ್ಪ ಹೊತ್ತಿನ ಶಬ್ದಕ್ಕೇ ಅವರಿಗೆ ಹೀಗಾಯಿತು. ಹಾಗಿದ್ದ ಮೇಲೆ ಹದಿನೈದು ಇಪ್ಪತ್ತು ವರ್ಷ ಕುಡುಕ ಗಂಡನ ಬೈಗುಳ ಕೇಳಿದವಳು, ಪ್ರತಿ ಕಚೇರಿಯಲ್ಲೂ "ನಾಳೆ ಬಾ" ಅನ್ನಿಸಿಕೊಂಡವಳು ಸುಮ್ಮನೆ ಕೂತರೆ ಅದನ್ನು ಅವಳ ಸ್ವಭಾವ ಎನ್ನಲು ನಮಗೆ ಏನು ಹಕ್ಕಿದೆ?

ಎಲ್ಲರೂ ಹಾಗೆ ಸೋತು ಕೂರುವುದಿಲ್ಲ ಎಂಬುದನ್ನೂ ಗಮನಿಸಿ. ನಾಯಿಗಳಲ್ಲೂ ಎಂಟರಲ್ಲಿ ಎರಡು ನಾಯಿಗಳು ಸೋಲಲಿಲ್ಲ. ಮನುಷ್ಯರಲ್ಲೂ ಕೆಲವರು ಸೋಲುವುದಿಲ್ಲ. ಆದರೆ ಸೋಲದವರನ್ನು ತೋರಿಸಿ "ಅವಳನ್ನು ನೋಡಿ ಕಲಿ" ಅಂತ ಸೋತವಳ ಮುಂದೆ ಹೇಳುವುದರಿಂದ ಅವಳು ಏಳುವುದಿಲ್ಲ.

ಐವತ್ತು ವರ್ಷದ ಮೇಲೆ ತಿರುಗಿಬಿದ್ದ ಪಾಠ

ಮೇಯರ್ ಮುಂದೆ ಮಿದುಳಿನ ವಿಜ್ಞಾನ ಕಲಿತು ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮಿದುಳಿನ ಸಂಶೋಧನೆಗೆ ಇಳಿದರು. ಅಲ್ಲೂ ಅದೇ ಏರ್ಪಾಡು. ಒಂದು ಇಲಿ ಪುಟ್ಟ ಚಕ್ರ ತಿರುಗಿಸಿ ಬಾಲದ ಶಾಕ್ ನಿಲ್ಲಿಸಬಹುದು. ಇನ್ನೊಂದು ಇಲಿಯ ಚಕ್ರದಿಂದ ಏನೂ ಪ್ರಯೋಜನವಿಲ್ಲ. ಆಗ ಮಿದುಳಿನೊಳಗೆ ಏನಾಗುತ್ತದೆ ಎಂದು ನೋಡಿದರು.

ಇದನ್ನು ಊರಿನ ಭಾಷೆಯಲ್ಲಿ ಹೇಳುತ್ತೇನೆ. ಕೆರೆ, ತೂಬು, ನೀರಗಂಟಿ ನಿಮಗೆ ಗೊತ್ತಲ್ಲ. ಮಿದುಳಿನ ಬುಡದಲ್ಲಿ, ಬೆನ್ನುಹುರಿ ಬಂದು ಸೇರುವ ಕಾಂಡದಲ್ಲಿ, ಡಾರ್ಸಲ್ ರಾಫೆ ಎಂಬ ಪುಟ್ಟ ಜಾಗ ಇದೆ. ಅದನ್ನು ತೂಬು ಎಂದುಕೊಳ್ಳಿ. ಬಿಡದೆ ಕಾಡುವ ಕಷ್ಟ ಬಂದಾಗ ಈ ತೂಬು ತೆರೆದುಕೊಂಡು ಸೆರೊಟೋನಿನ್ ಎಂಬ ರಾಸಾಯನಿಕ ಹರಿಯುತ್ತದೆ. ಸೆರೊಟೋನಿನ್ ಅಂದರೆ ಸಂತೋಷದ ರಸ ಅಂತ ಕೆಲವರು ಹೇಳುತ್ತಾರೆ. ಅದು ಅಷ್ಟು ಸರಳವಲ್ಲ. ಎಲ್ಲಿ, ಎಷ್ಟು ಹರಿಯಿತು ಅನ್ನುವುದರ ಮೇಲೆ ಅದರ ಕೆಲಸ. ಇಲ್ಲಿ ಅದು ಹೆಚ್ಚಾಗಿ ಹರಿದಾಗ ಭಯ ಜಾಸ್ತಿಯಾಗುತ್ತದೆ, ಎದ್ದು ಓಡುವ ಶಕ್ತಿ ಅಡಗುತ್ತದೆ. ಪ್ರಾಣಿ ಮುದುಡಿ ಕೂರುತ್ತದೆ.

ಹಣೆಯ ಹಿಂದೆ, ಮಿದುಳಿನ ಮುಂಭಾಗದಲ್ಲಿ, ಇನ್ನೊಂದು ಜಾಗ ಇದೆ. ಅದನ್ನು ನೀರಗಂಟಿ ಎಂದುಕೊಳ್ಳಿ. "ನಾನು ಚಕ್ರ ತಿರುಗಿಸಿದೆ, ಶಾಕ್ ನಿಂತಿತು" ಎಂಬುದು ಗೊತ್ತಾದ ಕೂಡಲೇ ಈ ನೀರಗಂಟಿ ಎದ್ದು ತೂಬನ್ನು ಬಿಗಿ ಮಾಡುತ್ತಾನೆ. ಪ್ರಾಣಿಯ ಗಾಬರಿ ಇಳಿಯುತ್ತದೆ, ಕೈಕಾಲು ಆಡುತ್ತದೆ.

ಇದನ್ನು ಅವರು ಹೇಗೆ ಖಚಿತ ಮಾಡಿಕೊಂಡರು? 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಲಿಯ ಮಿದುಳಿನ ಮುಂಭಾಗವನ್ನು ಔಷಧಿ ಹಾಕಿ ಸ್ವಲ್ಪ ಹೊತ್ತು ಮಲಗಿಸಿದರು. ಇಲಿ ಚಕ್ರ ತಿರುಗಿಸಿ ಶಾಕ್ ನಿಲ್ಲಿಸಿತು. ಆದರೂ ಆಮೇಲೆ ಅದು ಸೋತ ಇಲಿಯ ಹಾಗೆಯೇ ನಡೆದುಕೊಂಡಿತು. ಶಾಕ್ ನಿಂತಿತ್ತು ನಿಜ, ಆದರೆ "ನಿಲ್ಲಿಸಿದ್ದು ನಾನು" ಎಂಬ ಸುದ್ದಿ ತೂಬಿಗೆ ಮುಟ್ಟಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಇದಕ್ಕೆ ವಿರುದ್ಧವಾಗಿ ಮಾಡಿದರು. ನಿಲ್ಲಿಸಲಾಗದ ಶಾಕ್ ತಿನ್ನುತ್ತಿದ್ದ ಇಲಿಯ ಮುಂಭಾಗವನ್ನು ಔಷಧಿಯಿಂದ ಚುರುಕು ಮಾಡಿದರು. ಆ ಇಲಿ ಸೋಲಲಿಲ್ಲ.

2016ರಲ್ಲಿ ಮೇಯರ್ ಮತ್ತು ಸೆಲಿಗ್‌ಮನ್ ಮತ್ತೆ ಜೊತೆಗೂಡಿ ಒಂದು ಲೇಖನ ಬರೆದರು. ಅದರ ಸಾರ ಇಷ್ಟು. ನಾವು ಅಸಹಾಯಕತೆಯನ್ನು ಕಲಿಯುವುದಿಲ್ಲ. ಬಿಡದ ಕಷ್ಟ ಬಂದಾಗ ಮುದುಡಿಕೊಳ್ಳುವುದು ಪ್ರಾಣಿಯ ಮಿದುಳಿನಲ್ಲಿ ಹುಟ್ಟಿನಿಂದಲೇ ಇರುವ ಗುಣ. ಕಲಿಯಬೇಕಾಗಿರುವುದು ಇನ್ನೊಂದು: "ಇದು ನನ್ನ ಕೈಯಲ್ಲಿದೆ" ಎಂಬುದನ್ನು.

ಈ ಎರಡು ಮಾತಿಗೆ ಏನು ವ್ಯತ್ಯಾಸ ಅನ್ನುತ್ತೀರಾ? ಅಜಗಜಾಂತರ ವ್ಯತ್ಯಾಸ ಇದೆ. ಹಳೆಯ ಲೆಕ್ಕದಲ್ಲಿ ಸುಮ್ಮನೆ ಕೂತವಳು ತಪ್ಪು ಪಾಠ ಕಲಿತವಳು. ಅವಳ ತಲೆಯಿಂದ ಅದನ್ನು ತೆಗೆಯಬೇಕು, ಅದಕ್ಕೇ ಭಾಷಣ, ಬುದ್ಧಿವಾದ. ಹೊಸ ಲೆಕ್ಕದಲ್ಲಿ ಅವಳಲ್ಲಿ ಯಾವ ದೋಷವೂ ಇಲ್ಲ. ಯಾರ ಮಿದುಳಾದರೂ ಅಷ್ಟು ಪೆಟ್ಟಿಗೆ ಹಾಗೆಯೇ ಮಾಡುತ್ತದೆ. ತೆಗೆಯಬೇಕಾದ್ದು ಏನೂ ಇಲ್ಲ, ಸೇರಿಸಬೇಕಾದ್ದು ಇದೆ. ಅವಳು ತನ್ನ ಕೈಯಿಂದ ಮಾಡಿ ಗೆದ್ದ ಒಂದು ಸಣ್ಣ ಅನುಭವ ಅವಳಿಗೆ ಸಿಗಬೇಕು.

ನಮ್ಮ ಸಂಘಗಳಿಗೆ ಇದರಿಂದ ಏನು?

ಈಗ ನಾಯಿ, ಇಲಿ ಬಿಟ್ಟು ನಮ್ಮ ಮನೆ ಅಂಗಳಕ್ಕೆ ಬರೋಣ.

ಒಂದು: ಉಪದೇಶಕ್ಕಿಂತ ಜೊತೆ ನಡೆಯುವುದು ದೊಡ್ಡದು. ಕರೆದರೂ, ತಿಂಡಿ ತೋರಿಸಿದರೂ ನಾಯಿ ಬರಲಿಲ್ಲ ನೆನಪಿದೆಯಾ? "ಹೋಗು, ಅರ್ಜಿ ಕೊಡು" ಅಂತ ಹತ್ತು ಸಲ ಹೇಳುವ ಬದಲು ಒಂದು ಸಲ ಜೊತೆಗೆ ನಾಡಕಚೇರಿಗೆ ಹೋಗಿ. ಹೆಂಗಸರಿಗೆ ಹಗ್ಗ ಕಟ್ಟಿ ಎಳೆಯುವುದು ಬೇಡ. ಕೈ ಹಿಡಿದು ಪಕ್ಕದಲ್ಲಿ ನಡೆದರೆ ಸಾಕು. ಒಂದು ಸಲಕ್ಕೆ ಆಗದಿದ್ದರೆ ಬೇಸರ ಪಡಬೇಡಿ. ಹತ್ತಾರು ಸಲ ಬೇಕಾಗಬಹುದು. ಪ್ರತಿ ಸಲವೂ ಎಳೆಯುವ ಭಾರ ಸ್ವಲ್ಪ ಕಡಿಮೆಯಾಗುತ್ತಾ ಬರುತ್ತದೆ.

ಎರಡು: ಅವಳ ಕೆಲಸವನ್ನು ಅವಳೇ ಮಾಡಲಿ. ಈ ಮಾತನ್ನು ಪ್ರತಿನಿಧಿಗಳು ದಯವಿಟ್ಟು ಎರಡು ಸಲ ಓದಿ. ಎರಡನೇ ಗುಂಪಿನ ನಾಯಿಗೂ ನೋವು ನಿಲ್ಲುತ್ತಿತ್ತು, ಆದರೆ ಅದು ಮಾಡಿದ ಯಾವ ಕೆಲಸದಿಂದಲೂ ಅಲ್ಲ. ಹಾಗೆ ಬಂದ ನೆಮ್ಮದಿ ಅದನ್ನು ಎಬ್ಬಿಸಲಿಲ್ಲ. ನಮ್ಮ ಕೆಲವು ಸಂಘಗಳಲ್ಲಿ ಚುರುಕಾದ ಒಬ್ಬರು ಎಲ್ಲರ ಚಲನ್ ತುಂಬುತ್ತಾರೆ, ಎಲ್ಲರ ಪಾಸ್‌ಬುಕ್ ಇಟ್ಟುಕೊಳ್ಳುತ್ತಾರೆ, ಎಲ್ಲರ ಪರವಾಗಿ ಮಾತಾಡುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ. ಸಾಲವೂ ಬರುತ್ತದೆ. ಆದರೆ ಹತ್ತು ವರ್ಷ ಕಳೆದರೂ ಉಳಿದವರು "ನಮಗೇನು ಗೊತ್ತು, ಅಕ್ಕನ್ನೇ ಕೇಳಿ" ಅನ್ನುತ್ತಾರೆ. ಸಾಲ ಸಿಕ್ಕಿತು, "ಪಡೆದದ್ದು ನಾನು" ಎಂಬ ಸುದ್ದಿ ಅವಳ ಮಿದುಳಿಗೆ ಮುಟ್ಟಲಿಲ್ಲ. ಆದ್ದರಿಂದ ಪ್ರತಿನಿಧಿಗಳನ್ನು ಸರದಿಯಂತೆ ಬದಲಾಯಿಸಬೇಕು ಎಂದು ನಾವು ಹೇಳುವುದು ಬರೀ ನಿಯಮಕ್ಕಲ್ಲ. ಚಲನ್ ತಪ್ಪಾಗಲಿ, ಇನ್ನೊಂದು ಚಲನ್ ಸಿಗುತ್ತದೆ.

ಮೂರು: ಸಣ್ಣದರಿಂದ ಶುರು ಮಾಡಿ. ಹೆಬ್ಬೆಟ್ಟು ಒತ್ತುವವಳು ತನ್ನ ಹೆಸರು ಬರೆಯುವುದು, ವಾರದ ಉಳಿತಾಯವನ್ನು ತಾನೇ ಎಣಿಸಿ ಕೊಡುವುದು, ತನ್ನ ಪಾಸ್‌ಬುಕ್ಕಿಗೆ ತಾನೇ ಎಂಟ್ರಿ ಹಾಕಿಸುವುದು, ಬಸ್ಸಿನಲ್ಲಿ ಒಬ್ಬಳೇ ತಾಲ್ಲೂಕಿಗೆ ಹೋಗಿ ಬರುವುದು. ಇವು ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ "ನಾನು ಮಾಡಿದೆ, ಆಯಿತು" ಎಂಬ ಗುರುತು ಮಿದುಳಿಗೆ ಸಿಗುವುದು ಇಂಥ ಜಾಗದಲ್ಲೇ. ಮೊದಲ ದಿನವೇ ಡಿ.ಸಿ. ಆಫೀಸಿಗೆ ಕಳಿಸಿ, ಅಲ್ಲಿ ಯಾರೋ ಗದರಿಸಿ ಕಳಿಸಿದರೆ ತೂಬು ಇನ್ನೂ ಅಗಲವಾಗಿ ತೆರೆಯುತ್ತದೆ.

ನಾಲ್ಕು: ಗೆಲುವನ್ನು ಬಾಯಿಬಿಟ್ಟು ಹೇಳಿಸಿ. ಕೆಲಸ ಆದ ಮೇಲೆ ನಮ್ಮ ಹೆಂಗಸರು "ಏನೋ ಅದೃಷ್ಟ, ಆಯ್ತು" ಅನ್ನುತ್ತಾರೆ. ಸಭೆಯಲ್ಲಿ ಕೇಳಿ: "ನೀನು ಏನು ಮಾಡಿದ್ದಕ್ಕೆ ಆಯ್ತು?" ಅವಳು ಹೇಳಲಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹಾಗೆ ಹೇಳುವುದು ಜಂಬ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವುದು.

ಮನೆಯಲ್ಲಿ: ಮಕ್ಕಳು ಮತ್ತು ಹಿರಿಯರು

ಮಕ್ಕಳಿಗೆ ಚಿಕ್ಕಂದಿನಲ್ಲೇ ಈ "ಲಸಿಕೆ" ಹಾಕಬಹುದು. ಯಾವ ಅಂಗಿ ಹಾಕಬೇಕು, ಮೊದಲು ಯಾವ ಪಾಠ ಓದಬೇಕು ಎಂಬ ಸಣ್ಣ ಆಯ್ಕೆಗಳನ್ನು ಅವರಿಗೇ ಬಿಡಿ. ಲೆಕ್ಕ ಬಾರದ ಮಗುವಿಗೆ ಅವನು ಮಾಡಬಲ್ಲ ಲೆಕ್ಕದಿಂದ ಶುರು ಮಾಡಿಸಿ, ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿ. "ನಿನಗೆ ತಲೆ ಇಲ್ಲ" ಎಂಬ ಮಾತು ಬೇಡ. ಇನ್ನೊಂದು ವಿಷಯ. ಮಗು ಏನು ಮಾಡಿದರೂ ಯಾವಾಗ ಹೊಡೆತ ಬೀಳುತ್ತದೋ ಗೊತ್ತಾಗದ ಮನೆ ಆ ಎರಡನೇ ಗುಂಪಿನ ಪೆಟ್ಟಿಗೆ ಇದ್ದ ಹಾಗೆ. ಅಂಥ ಮನೆಯ ಮಗು ಶಾಲೆಯಲ್ಲಿ ಸುಮ್ಮನೆ ಕೂತಿದ್ದರೆ ಅದು ಒಳ್ಳೆ ಮಗು ಎಂದುಕೊಂಡು ಮೋಸ ಹೋಗಬೇಡಿ.

ಹಿರಿಯರ ವಿಷಯಕ್ಕೆ ಒಂದು ಪ್ರಯೋಗ ಹೇಳುತ್ತೇನೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೊಡಿನ್ ಎಂಬ ಇಬ್ಬರು ಮಹಿಳಾ ಸಂಶೋಧಕರು ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ "ನಿಮ್ಮ ಕೋಣೆ ಹೇಗಿರಬೇಕು, ಸಿನಿಮಾ ಯಾವ ದಿನ ನೋಡಬೇಕು, ನೀವೇ ನಿರ್ಧರಿಸಿ" ಎಂದು ಹೇಳಿ, ನೋಡಿಕೊಳ್ಳಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು. ಆದರೆ "ನೀರು ಹಾಕುವುದು, ನೋಡಿಕೊಳ್ಳುವುದು ಎಲ್ಲ ದಾದಿಯರ ಕೆಲಸ, ನೀವು ಆರಾಮಾಗಿರಿ" ಅಂದರು. ಕೆಲವು ವಾರಗಳಲ್ಲೇ ಮೊದಲ ಮಹಡಿಯವರು ಹೆಚ್ಚು ಚಟುವಟಿಕೆಯಿಂದ, ಹೆಚ್ಚು ಲವಲವಿಕೆಯಿಂದ ಇರುವುದು ಕಂಡುಬಂತು. ಅದು ಸಣ್ಣ ಅಧ್ಯಯನ, ಅದೊಂದರಿಂದಲೇ ಎಲ್ಲ ತೀರ್ಮಾನ ಮಾಡಬಾರದು. ಆದರೂ ಅತ್ತೆಗೆ "ನೀವು ಸುಮ್ನೆ ಕೂತ್ಕೊಳ್ಳಿ" ಅಂತ ಎಲ್ಲ ಕೆಲಸ ಕಿತ್ತುಕೊಳ್ಳುವ ಬದಲು, ಸೊಪ್ಪು ಬಿಡಿಸುವುದೋ, ತುಳಸಿ ಗಿಡಕ್ಕೆ ನೀರು ಹಾಕುವುದೋ ಅವರ ಪಾಲಿಗೇ ಇರಲಿ.

ಕರೆಂಟು ಕೊಟ್ಟವರ ಮಾತು

ಇಲ್ಲಿಗೆ ಪಾಠ ಮುಗಿಸಿದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. "ಎಲ್ಲ ನಿನ್ನ ಕೈಯಲ್ಲೇ ಇದೆ, ಮನಸ್ಸು ಮಾಡಬೇಕು ಅಷ್ಟೇ" ಅಂತ ಹೇಳುವವರು ಬಹಳ. ಅದು ಸುಳ್ಳು. ಎರಡನೇ ಗುಂಪಿನ ನಾಯಿ ಹಲಗೆ ಒತ್ತಿ ನೋಡಿತ್ತು. ಹಲಗೆಗೆ ತಂತಿಯನ್ನೇ ಜೋಡಿಸಿರಲಿಲ್ಲ. ತಪ್ಪು ನಾಯಿಯದ್ದಲ್ಲ. "ನೀನ್ಯಾಕೆ ಹಾರಲಿಲ್ಲ?" ಅಂತ ಕೇಳುವ ಮೊದಲು "ಕರೆಂಟು ಕೊಡುತ್ತಿರುವವರು ಯಾರು?" ಅಂತ ಕೇಳಬೇಕು.

ಗಂಡನಿಂದ ಏಟು ತಿನ್ನುವ ಸಹೋದರಿಗೆ "ಧೈರ್ಯ ತಗೊಂಡು ಎದುರು ನಿಲ್ಲು" ಅಂತ ಒಬ್ಬಳನ್ನೇ ಮುಂದೆ ತಳ್ಳಬೇಡಿ. ಅವಳ ಜೀವಕ್ಕೆ ಅಪಾಯ ಆಗಬಹುದು. ಅವಳು ಸುಮ್ಮನಿರುವುದು ಕೆಲವೊಮ್ಮೆ ಜೀವ ಉಳಿಸಿಕೊಳ್ಳುವ ಜಾಣತನವೂ ಆಗಿರುತ್ತದೆ. ಮೊದಲು ಅವಳು ಮತ್ತು ಮಕ್ಕಳು ಸುರಕ್ಷಿತವಾಗಿರಲಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಿಂದ ಇದೆ. ಆ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿ ಇದ್ದಾರೆ, ಅದೇ ಮನೆಯಲ್ಲಿ ವಾಸಿಸುವ ಹಕ್ಕು ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮಹಿಳೆಯರಿಗೆ ವಕೀಲರ ಸಹಾಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ಸಿಗುತ್ತದೆ.

ಸಾಲ ವಸೂಲಿಯವರು ಮನೆ ಬಾಗಿಲಲ್ಲಿ ಕೂತು ಅವಮಾನ ಮಾಡಿದರೆ ಅದೂ ಒಂದು ಶಾಕೇ. ಇಂಥ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಬ್ಬಳೇ ಹೆದರಿ ಒಳಗೆ ಕೂರುವ ಬದಲು ಹತ್ತು ಜನ ಸೇರಿ ಪೊಲೀಸ್ ಠಾಣೆಗೆ ದೂರು ಕೊಡಬಹುದು.

ಸಂಘದ ಬಲ ಇರುವುದು ಇಲ್ಲೇ. ಒಂಟಿಯಾಗಿ ಒತ್ತಿದಾಗ ಅಲ್ಲಾಡದ ಹಲಗೆ ಹದಿನೈದು ಜನ ಸೇರಿ ಒತ್ತಿದಾಗ ಅಲ್ಲಾಡುತ್ತದೆ. ಕುಡಿಯುವ ನೀರಿಗೆ, ಪಡಿತರಕ್ಕೆ, ಸಾರಾಯಿ ವಿರುದ್ಧ ನೀವು ಒಟ್ಟಾಗಿ ಹೋದ ದಿನಗಳನ್ನು ನೆನೆಸಿಕೊಳ್ಳಿ. ಅವತ್ತು ಮನೆಗೆ ಬರುವಾಗ ನಿಮ್ಮ ನಡಿಗೆಯೇ ಬೇರೆ ಇತ್ತಲ್ಲವೇ?

ಕೆಲವೊಮ್ಮೆ ಇದು ಕಾಯಿಲೆ

ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ ಅಥವಾ ಎದ್ದೇಳಲಾಗದಷ್ಟು ನಿದ್ದೆ, ಊಟ ಸೇರುವುದಿಲ್ಲ, ಕಾರಣವಿಲ್ಲದೆ ಅಳು, "ನಾನು ಇದ್ದು ಏನು ಪ್ರಯೋಜನ" ಎಂಬ ಮಾತು. ಇವು ಖಿನ್ನತೆಯ ಲಕ್ಷಣಗಳಾಗಿರಬಹುದು. ಜ್ವರ, ಬಿ.ಪಿ. ಇದ್ದ ಹಾಗೆ ಇದೂ ಒಂದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯುವ ಮಾತು ಆಡಿದವಳನ್ನು ಒಂಟಿಯಾಗಿ ಬಿಡಬೇಡಿ. "ಸುಮ್ನೆ ಹೇಳ್ತಾಳೆ" ಅಂತ ತಳ್ಳಿಹಾಕಬೇಡಿ.

ಸಭೆಯಲ್ಲಿ ಚರ್ಚಿಸಿ

1. ಮೊದಲ ಗುಂಪಿನ ನಾಯಿಗೂ ಎರಡನೇ ಗುಂಪಿನ ನಾಯಿಗೂ ನೋವು ಒಂದೇ ಆಗಿತ್ತು. ಹಾಗಿದ್ದರೂ ಎರಡನೆಯದು ಯಾಕೆ ಹಾರಲಿಲ್ಲ? ನಿಮ್ಮ ಮಾತಿನಲ್ಲಿ ಹೇಳಿ.

2. "ಅವಳಿಗೆ ಧೈರ್ಯ ಇಲ್ಲ" ಎಂದು ನಾವು ಯಾರ ಬಗ್ಗೆಯಾದರೂ ಹೇಳಿದ್ದೇವೆಯೇ? ಹೆಸರು ಹೇಳುವುದು ಬೇಡ. ಅವಳು ಎಷ್ಟು ಸಲ ಹಲಗೆ ಒತ್ತಿ ನೋಡಿರಬಹುದು?

3. ನಮ್ಮ ಸಂಘದಲ್ಲಿ ಯಾವ ಯಾವ ಕೆಲಸವನ್ನು ಒಬ್ಬರೇ ಎಲ್ಲರ ಪರವಾಗಿ ಮಾಡುತ್ತಿದ್ದಾರೆ? ಯಾವುದನ್ನು ಈ ತಿಂಗಳಿಂದ ಹಂಚಿಕೊಳ್ಳಬಹುದು?

4. ನಿಮ್ಮ ಜೀವನದಲ್ಲಿ "ಇದನ್ನು ನಾನೇ ಮಾಡಿದೆ" ಅನ್ನಿಸಿದ ಮೊದಲ ಕೆಲಸ ಯಾವುದು?

ಈ ತಿಂಗಳ ಕೆಲಸ

ಪ್ರತಿಯೊಬ್ಬ ಸದಸ್ಯೆಯೂ ಇದುವರೆಗೆ ತಾನು ಮಾಡದ, ಆದರೆ ಪ್ರಯತ್ನಿಸಿದರೆ ಆಗಬಹುದಾದ ಒಂದು ಸಣ್ಣ ಕೆಲಸ ಆರಿಸಿಕೊಳ್ಳಲಿ. ಒಬ್ಬ ಗೆಳತಿ ಜೊತೆಗೆ ಹೋಗಲಿ. ಗೆಳತಿಗೆ ಒಂದೇ ನಿಯಮ: ಪಕ್ಕದಲ್ಲಿ ನಿಲ್ಲಬೇಕು, ಬಾಯಿ ಹಾಕಬಾರದು. ಮುಂದಿನ ಸಭೆಯಲ್ಲಿ ಕೆಲಸ ಮಾಡಿದವಳೇ ಎದ್ದು ನಿಂತು ಏನು ಮಾಡಿದೆ, ಏನಾಯಿತು ಎಂದು ಹೇಳಲಿ. ಆಗದಿದ್ದರೂ ಹೇಳಲಿ. ತಪ್ಪು ಅವಳದ್ದಾ, ತಂತಿ ಜೋಡಿಸದ ಹಲಗೆಯದ್ದಾ ಎಂದು ಎಲ್ಲರೂ ಕೂತು ನೋಡೋಣ. ಹಲಗೆಯದ್ದಾದರೆ ಮುಂದಿನ ವಾರ ಎಲ್ಲರೂ ಸೇರಿ ಹೋಗೋಣ.

"ಎಷ್ಟು ಮಾಡಿದ್ರೂ ಅಷ್ಟೇ" ಅನ್ನುವ ಸಹೋದರಿ ನಿಮ್ಮ ಸಂಘದಲ್ಲೂ ಒಬ್ಬಳು ಇದ್ದೇ ಇರುತ್ತಾಳೆ. ಈ ವಾರ ಸಭೆ ಮುಗಿದ ಮೇಲೆ ಅವಳ ಪಕ್ಕ ಐದು ನಿಮಿಷ ಕೂತುಕೊಳ್ಳಿ. ಬುದ್ಧಿ ಹೇಳಬೇಡಿ. "ನಾಳೆ ಬ್ಯಾಂಕಿಗೆ ಹೋಗ್ತಾ ಇದೀನಿ, ನೀನೂ ಬರ್ತೀಯಾ?" ಅಂತ ಕೇಳಿ.